ಮನೆಯ ಕಂಪ್ಯೂಟರಿನಲ್ಲಿ ಪತ್ತೆಯಾದ ‘ಇಎಸ್‌ಆರ್ ಹೆಲ್ಪರ್’ ಯಾರು ಎಂಬ ಬಗ್ಗೆ

ಗೃಹ ಆಡಳಿತ ಇಲಾಖೆ
(ದಾಖಲೆ, ದುರಸ್ತಿ ಹಾಗೂ ಇತರೆ)
ಕಛೇರಿ: ನಡುಮನೆ, ಕಿಟಕಿ ಪಕ್ಕದ ಕುರ್ಚಿ

ಸಂಖ್ಯೆ: ಗೃಆಇ/ಗಣಕ/ಅಪ/47
ದಿನಾಂಕ: 28, ಮಂಗಳವಾರ

ಸುತ್ತೋಲೆ

ವಿಷಯ: ಮನೆಯ ಗಣಕಯಂತ್ರದಲ್ಲಿ ಚಾಲನೆಯಲ್ಲಿರುವ ಅಪರಿಚಿತ ಪ್ರೋಗ್ರಾಂಗಳನ್ನು ಗುರುತಿಸುವ ಬಗ್ಗೆ ಹಾಗೂ ಗುರುತಿಸುವುದಕ್ಕೆ ಮುಂಚೆಯೇ ಅಳಿಸಿಹಾಕದಿರುವ ಬಗ್ಗೆ.

ಉಲ್ಲೇಖ: (1) ಸುತ್ತೋಲೆ ಸಂಖ್ಯೆ 31, ಬಚ್ಚಲುಮನೆಯ ದೀಪ ಆರಿಸುವ ಕುರಿತು (ಯಾರೂ ಪಾಲಿಸಿರುವುದಿಲ್ಲ).
(2) ದಿನಾಂಕ 9ರಂದು ಈ ಕಛೇರಿಯು ಕೈಗೊಂಡ ಕ್ರಮ (ಹಿಂಪಡೆಯಲಾಗಿದೆ).
(3) ಪತ್ನಿಯವರು ದಿನಾಂಕ 10ರಂದು ಅಡುಗೆಮನೆಯಲ್ಲಿ ನೀಡಿದ ಮೌಖಿಕ ಹೇಳಿಕೆ.

ಪ್ರಸ್ತಾವನೆ:

ಕೆಳಗೆ ಸಹಿ ಮಾಡಿರುವವರು ದಾಖಲೆ ಶಾಖೆಯ ಅಧೀಕ್ಷಕರಾಗಿ ಮೂವತ್ತನಾಲ್ಕು ವರ್ಷ ಸೇವೆ ಸಲ್ಲಿಸಿ, ಎರಡು ವರ್ಷಗಳ ಹಿಂದೆ ನಿವೃತ್ತರಾಗಿ, ಸದರಿ ಮನೆಯಲ್ಲಿ ವಾಸವಾಗಿರುತ್ತಾರೆ. ಮನೆಯಲ್ಲಿ ಒಟ್ಟು ನಾಲ್ವರು. ಮುದ್ರಣಾಲಯವೊಂದಕ್ಕೆ ಮನೆಯಿಂದಲೇ ಶಾಲಾಪುಸ್ತಕಗಳ ಕರಡು ತಿದ್ದಿಕೊಡುವ ಪತ್ನಿಯವರು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ತಂತ್ರಜ್ಞೆಯಾಗಿರುವ ಮಗಳು. ಪತ್ನಿಯವರ ತಾಯಿಯೂ ಗಣಕಯಂತ್ರದಲ್ಲಿ ಇಸ್ಪೀಟು ಆಡುವುದರಲ್ಲಿ ಪರಿಣತರೂ ಆದ ಅತ್ತೆಯವರು. ಮತ್ತು ಸದರಿ ಸಹಿದಾರರು. ಗಣಕಯಂತ್ರ ಒಂದೇ. ಅದು ನಡುಮನೆಯ ಮೂಲೆಯಲ್ಲಿ, ಹೊಲಿಗೆ ಯಂತ್ರದ ಹಳೆಯ ಮೇಜಿನ ಮೇಲೆ ಇದೆ.

ದಿನಾಂಕ 3ರ ಬೆಳಿಗ್ಗೆ, ತಾವು ಇನ್ನೂ ಜೀವಂತವಿರುವುದನ್ನು ಪಿಂಚಣಿ ಶಾಖೆಗೆ ದೃಢಪಡಿಸುವ ಸಲುವಾಗಿ ಸಹಿದಾರರು ಗಣಕಯಂತ್ರದ ಮುಂದೆ ಕುಳಿತಾಗ, ಯಂತ್ರವು ಎಂದಿಗಿಂತ ನಿಧಾನವಾಗಿರುವುದು ಗಮನಕ್ಕೆ ಬಂತು. ಮಗಳು ಹಿಂದೊಮ್ಮೆ ತೋರಿಸಿಕೊಟ್ಟಿದ್ದ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಲಾಗಿ, ಒಳಗೆ ಓಡುತ್ತಿರುವ ಎಲ್ಲ ಪ್ರೋಗ್ರಾಂಗಳ ಪಟ್ಟಿ ಕಾಣಿಸಿಕೊಂಡಿತು. ನಲವತ್ತೊಂದು ಇದ್ದವು. ಎರಡು ಗಂಟೆಗಳ ಪರಿಶೀಲನೆಯ ನಂತರ ನಲವತ್ತು ಪ್ರೋಗ್ರಾಂಗಳು ಯಂತ್ರದ ಸ್ವಂತ ಕುಟುಂಬಕ್ಕೆ ಸೇರಿದವೆಂದು ಗೊತ್ತಾಯಿತು. ಉಳಿದ ಒಂದರ ಹೆಸರು ‘ಇಎಸ್‌ಆರ್ ಹೆಲ್ಪರ್’. ಯಾರಿಗೆ ಹೆಲ್ಪ್ ಎಂಬುದನ್ನು ಅದು ಎಲ್ಲಿಯೂ ನಮೂದಿಸಿರಲಿಲ್ಲ.

ಅಂದೇ ಮನೆಯವರೆಲ್ಲರ ಹೇಳಿಕೆ ಪಡೆಯಲಾಯಿತು. ಇಎಸ್‌ಆರ್ ಎಂಬುದು ಒಂದು ರಕ್ತಪರೀಕ್ಷೆಯ ಹೆಸರೆಂದು ಮಗಳು ತಿಳಿಸಿದ್ದು, ಗಣಕಯಂತ್ರದಲ್ಲಿ ರಕ್ತವಿಲ್ಲದ ಕಾರಣ ಈ ಸುಳಿವನ್ನು ಕೈಬಿಡಲಾಯಿತು. ಆದರೆ ಚಪ್ಪಲಿ ಹಾಕಿಕೊಳ್ಳುತ್ತಾ ಮಗಳು ಹೇಳಿದ ಇನ್ನೊಂದು ಮಾತನ್ನು ಅಂದು ದಾಖಲಿಸದೇ ಇದ್ದುದರಿಂದ ಈಗ ದಾಖಲಿಸಲಾಗಿದೆ: “ಅಪ್ಪ, ಏನು ಅಂತ ಗೊತ್ತಾಗೋ ತನಕ ಅದನ್ನ ಮುಟ್ಟಬೇಡಿ.”

ಅತ್ತೆಯವರು ತಾವು ಇಸ್ಪೀಟಿನ ಹೊರತು ಯಾವುದನ್ನೂ ಮುಟ್ಟಿಲ್ಲವೆಂದೂ, ಮುಟ್ಟಿದ್ದರೂ ಅದು ತಾನಾಗಿಯೇ ತೆರೆದುಕೊಂಡಿದ್ದೆಂದೂ ಹೇಳಿಕೆ ನೀಡಿದರು. ಪತ್ನಿಯವರು ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡು, ಹಾಲು ಉಕ್ಕುತ್ತದೆ ಎಂದು ಎದ್ದು ಅಡುಗೆಮನೆಗೆ ಹೋದರು. ಒಲೆಯ ಮೇಲೆ ಹಾಲು ಇರಲಿಲ್ಲ ಎಂಬುದು ನಂತರದ ತನಿಖೆಯಿಂದ ತಿಳಿದುಬಂದಿದೆ. ಇದಕ್ಕೆ ಆಗ ಮಹತ್ವ ಕೊಡಲಾಗಲಿಲ್ಲ.

ದಿನಾಂಕ 4ರಂದು ಅಂತರ್ಜಾಲವನ್ನು ವಿಚಾರಿಸಲಾಯಿತು. ಮೊದಲನೆಯ ಪುಟವು ಈ ಪ್ರೋಗ್ರಾಂ ಇಲ್ಲದಿದ್ದರೆ ಗಣಕಯಂತ್ರವೇ ನಿಲ್ಲುತ್ತದೆ ಎಂದಿತು. ಎರಡನೆಯ ಪುಟವು ಇದನ್ನು ಈಗಿಂದೀಗಲೇ ತೆಗೆಯದಿದ್ದರೆ ಮನೆಯ ಗುಟ್ಟೆಲ್ಲ ಹೊರಹೋಗುತ್ತದೆ ಎಂದಿತು. ಮೂರನೆಯ ಪುಟವು ಸತ್ಯ ತಿಳಿಯಲು ಇಲ್ಲಿ ಒತ್ತಿ ಎಂದಿತು. ಒತ್ತಲಾಯಿತು. ಅಲ್ಲಿಂದಾಚೆಗೆ ಯಂತ್ರದಲ್ಲಿ ಅಪರಿಚಿತ ಪ್ರೋಗ್ರಾಂಗಳ ಸಂಖ್ಯೆ ಎರಡಾಯಿತು. ಎರಡನೆಯದನ್ನು ಮಗಳು ಕೆಲಸದಿಂದ ಬಂದು, ಕೈಕಾಲು ತೊಳೆಯುವುದಕ್ಕೂ ಮುಂಚೆ, ಹೊರಗೆ ಹಾಕಿದಳು. ಮುನ್ನೆಚ್ಚರಿಕೆಯಾಗಿ ಕ್ಯಾಮೆರಾದ ಕಣ್ಣಿಗೆ ಗಾಯದ ಪಟ್ಟಿ ಅಂಟಿಸಲಾಯಿತು. ಅದಕ್ಕೆ ಮುಂಚೆ ಯಾರೋ ನೋಡುತ್ತಿದ್ದಿರಬಹುದು ಎಂದು ತಿಳಿದಾಗಿನಿಂದ ಅತ್ತೆಯವರು ತಲೆ ಬಾಚಿಕೊಳ್ಳದೆ ಇಸ್ಪೀಟಿಗೆ ಕೂರುತ್ತಿಲ್ಲ.

ನಂತರ ನಾಲ್ಕು ದಿನ ಸದರಿ ಪ್ರೋಗ್ರಾಮಿನ ಚಲನವಲನದ ಮೇಲೆ ನಿಗಾ ಇಟ್ಟು, ಅದಕ್ಕೆಂದೇ ಒಂದು ವಹಿಯನ್ನು ತೆರೆಯಲಾಯಿತು. ಯಂತ್ರದಲ್ಲಿ ಅದು ಸದಾ ಹಾಜರಿದ್ದರೂ, ನಿಜವಾಗಿ ಕೆಲಸ ಮಾಡುತ್ತಿದ್ದುದು ಬೆಳಿಗ್ಗೆ ಹತ್ತರಿಂದ ಒಂದು, ಮಧ್ಯಾಹ್ನ ಮೂರರಿಂದ ಐದು. ಊಟದ ಹೊತ್ತಿನಲ್ಲಿ ತೆಪ್ಪಗಿರುತ್ತಿತ್ತು. ಭಾನುವಾರ ಪೂರ್ತಿ ರಜೆ. ಈ ಶಿಸ್ತನ್ನು ಕಂಡು, ಇದು ಯಾವುದೋ ಕಛೇರಿಯ ಖಾಯಂ ಸೇವೆಯಲ್ಲಿರುವ ಪ್ರೋಗ್ರಾಂ ಇರಬೇಕೆಂದು ಸಹಿದಾರರು ಅಭಿಪ್ರಾಯಪಟ್ಟು, ವಹಿಯ ಷರಾ ಅಂಕಣದಲ್ಲಿ ಹೀಗೆ ಬರೆದಿರುತ್ತಾರೆ: “ಈ ಎಲ್ಲ ವೇಳೆಯಲ್ಲಿ ಪತ್ನಿಯವರು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಇದೇ ಯಂತ್ರದಲ್ಲಿ ಕರಡು ತಿದ್ದುತ್ತಿದ್ದು, ಹಾಡು ಕೇಳುತ್ತಿರುವಂತಿದೆ. ಆದ್ದರಿಂದ ಅವರ ಗಮನಕ್ಕೆ ಏನೂ ಬಂದಿರಲಾರದು.” ಸದರಿ ಷರಾವನ್ನು ಹೊಡೆದುಹಾಕದೆ ಹಾಗೆಯೇ ಉಳಿಸಿಕೊಳ್ಳಲು ತೀರ್ಮಾನಿಸಲಾಗಿದೆ.

ದಿನಾಂಕ 9ರಂದು ಬೆಳಿಗ್ಗೆ 11.20ಕ್ಕೆ ಗ್ಯಾಸ್ ಸಿಲಿಂಡರಿನವರು ಬಂದರು. ಪತ್ನಿಯವರು ಬಾಗಿಲಿಗೆ ಹೋದ ಸಮಯವನ್ನು ಉಪಯೋಗಿಸಿಕೊಂಡು ಸಹಿದಾರರು ಯಂತ್ರದ ಮುಂದೆ ಕುಳಿತು ‘ಕೊನೆಗೊಳಿಸಿ’ ಎಂಬ ಗುಂಡಿಯನ್ನು ಒತ್ತಿದರು. ಮುಂಬಾಗಿಲಲ್ಲಿ ಕಳಿಸಿದವರು ಹಿತ್ತಲಿನಿಂದ ಬಂದು ಕೂತಂತೆ ಅದು ಅರ್ಧ ನಿಮಿಷದಲ್ಲಿ ಪಟ್ಟಿಗೆ ಮರಳಿತು. ಆಗ ಅದರ ವಾಸಸ್ಥಳವಾದ ಫೋಲ್ಡರನ್ನು ಹುಡುಕಿ, ಫೋಲ್ಡರ್ ಸಮೇತ ಅಳಿಸಲಾಯಿತು. ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಸಹಿದಾರರು ಒಂದೇ ಒಂದು ಕಡತವನ್ನೂ ಓದದೆ ವಿಲೇವಾರಿ ಮಾಡಿದವರಲ್ಲ. ಇದು ಮೊದಲನೆಯದು.

ಪತ್ನಿಯವರು ಬಂದು ಕುಳಿತು ಇಯರ್‌ಫೋನ್ ಹಾಕಿಕೊಂಡರು. ತೆಗೆದು, ಅದರ ತಂತಿಯನ್ನು ನೋಡಿ, ಮತ್ತೆ ಹಾಕಿಕೊಂಡರು. ಯಂತ್ರವನ್ನು ಆರಿಸಿ ಹಾಕಿದರು. ಆಮೇಲೆ ಪರದೆಗೆ ಮೂಗು ತಾಗುವಷ್ಟು ಬಗ್ಗಿ, ತಲೆಯನ್ನು ಒಂದು ಪಕ್ಕಕ್ಕೆ ಓರೆ ಮಾಡಿಕೊಂಡು, ಸಂಜೆ ಐದರವರೆಗೂ ಓದಿದರು. ಅಂದು ಮುದ್ರಣಾಲಯಕ್ಕೆ ಕಳಿಸಬೇಕಾಗಿದ್ದುದು ಮೂರನೇ ತರಗತಿಯ ವಿಜ್ಞಾನ ಪುಸ್ತಕದ ಹದಿನಾರು ಪುಟಗಳು. ಕಳಿಸಿದರು. ಸಹಿದಾರರು ಅದೇ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕುಳಿತು ವಹಿಯಲ್ಲಿ “ಪ್ರಕರಣ ಮುಕ್ತಾಯ” ಎಂದು ಬರೆದು ಕೆಳಗೆ ಗೆರೆ ಎಳೆದರು.

ದಿನಾಂಕ 10ರ ಬೆಳಿಗ್ಗೆ ಮುದ್ರಣಾಲಯದ ಮೇಲ್ವಿಚಾರಕರಿಂದ ಫೋನು ಬಂತು. ಅವರು ಒಳ್ಳೆಯವರು; ಜೋರಾಗಿ ಮಾತಾಡುವವರಲ್ಲ. ಹದಿನಾರು ಪುಟಗಳಲ್ಲಿ ಇಪ್ಪತ್ತಮೂರು ತಪ್ಪುಗಳು ಉಳಿದಿದ್ದವೆಂದೂ, ಒಂದು ಕಡೆ ‘ಹೃದಯ’ ಇರಬೇಕಾದಲ್ಲಿ ‘ಹೃದ’ ಎಂದಷ್ಟೇ ಇದ್ದು ಉಳಿದ ‘ಯ’ ಮುಂದಿನ ಸಾಲಿನಲ್ಲಿ ಒಂಟಿಯಾಗಿತ್ತೆಂದೂ, ಮೂವತ್ತೊಂದು ವರ್ಷದಲ್ಲಿ ಇಂಥದ್ದಾಗಿರಲಿಲ್ಲವೆಂದೂ ಹೇಳಿ, ಕೊನೆಗೆ “ಅಕ್ಕಾ, ಸ್ವಲ್ಪ ದಿನ ರೆಸ್ಟ್ ತಗೊಳ್ಳಿ, ಬೇರೆಯವರಿಗೆ ಕೊಟ್ಟು ನೋಡ್ತೀವಿ” ಎಂದರು. ಫೋನಿನ ಧ್ವನಿ ದೊಡ್ಡದಾಗಿ ಇಟ್ಟಿದ್ದರಿಂದ ಸಹಿದಾರರಿಗೂ ಇದು ಕೇಳಿಸಿತು. ಪತ್ನಿಯವರು ಆಗಲಿ ಎಂದಷ್ಟೇ ಹೇಳಿ ಫೋನಿಟ್ಟು, ಅಡುಗೆಮನೆಗೆ ಹೋಗಿ, ತೊಳೆದಿಟ್ಟಿದ್ದ ಲೋಟಗಳನ್ನು ಮತ್ತೊಮ್ಮೆ ತೊಳೆಯತೊಡಗಿದರು.

ಸಹಿದಾರರು ಹಿಂದೆಯೇ ಹೋಗಿ, ಸಮಾಧಾನವಾಗಲೆಂದು, ಯಂತ್ರವನ್ನು ನಿಧಾನ ಮಾಡುತ್ತಿದ್ದ ಪ್ರೋಗ್ರಾಮನ್ನು ತಾವು ತೆಗೆದುಹಾಕಿರುವುದಾಗಿಯೂ, ಇನ್ನು ಮುಂದೆ ಕೆಲಸ ಸಲೀಸಾಗುವುದೆಂದೂ ತಿಳಿಸಿದರು. ಪತ್ನಿಯವರು ನಲ್ಲಿ ನಿಲ್ಲಿಸಿದರು. ಅವರ ಹೇಳಿಕೆಯನ್ನು ಅವರದೇ ಮಾತಿನಲ್ಲಿ ಇಲ್ಲಿ ಕೊಡಲಾಗಿದೆ:

“ಅದು ನಂದು. ಓದಿ ಹೇಳೋ ಪ್ರೋಗ್ರಾಂ ಅದು. ನಂಗೆ ಎಡಗಣ್ಣಲ್ಲಿ ನಡುವೆ ಒಂದು ಮಚ್ಚೆ ಬಂದಿದೆ, ಎಲ್ಲಿ ನೋಡಿದ್ರೂ ಅಲ್ಲೇ ಬಂದು ಕೂರುತ್ತೆ. ಬಲಗಣ್ಣಲ್ಲೂ ಸಾಲು ಸೊಟ್ಟ ಕಾಣಕ್ಕೆ ಶುರುವಾಗಿದೆ. ಅದು ಓದುತ್ತೆ, ನಾನು ಕೇಳಿಸ್ಕೊಂಡು ತಿದ್ದುತೀನಿ. ಹನ್ನೊಂದು ತಿಂಗಳಾಯ್ತು.”

ಇಷ್ಟು ದಿನ ಏಕೆ ಹೇಳಲಿಲ್ಲ ಎಂದು ಸಹಿದಾರರು ಕೇಳಿದರು.

“ಹೇಳಿದ್ರೆ ನೀವೊಂದು ಸುತ್ತೋಲೆ ಹೊರಡಿಸ್ತಿದ್ರಿ.”

ಸಹಿದಾರರು ಅಂದು ಮಧ್ಯಾಹ್ನ ಊಟ ಮಾಡಿರುವುದಿಲ್ಲ. ಕಾರಣವನ್ನು ಕಡತದಲ್ಲಿ ನಮೂದಿಸಿಲ್ಲ.

ಮೂರು ಗಂಟೆಗೆ ಅವರು ಗಣಕಯಂತ್ರದ ಪೆಟ್ಟಿಗೆಯನ್ನು ಮಗುವಿನಂತೆ ಎದೆಗವಚಿಕೊಂಡು, ರಸ್ತೆಯ ತುದಿಯಲ್ಲಿರುವ ರಿಪೇರಿ ಅಂಗಡಿಗೆ ನಡೆದೇ ಹೋದರು. ಅಂಗಡಿಯಾಕೆ ಪೆಟ್ಟಿಗೆಯನ್ನು ನೋಡಿದ ಕೂಡಲೇ ಗುರುತಿಸಿದರು. ಪತ್ನಿಯವರು ಎರಡು ಸಲ ಅಲ್ಲಿಗೆ ಬಂದಿದ್ದರಂತೆ. ಎರಡನೆಯ ಸಲ, ಸಹಿದಾರರು ಪಿಂಚಣಿದಾರರ ಸಭೆಗೆ ಹೋಗಿದ್ದ ದಿನ, ಅಂಗಡಿಯಾಕೆಯೇ ಮನೆಗೆ ಬಂದು ಪ್ರೋಗ್ರಾಮನ್ನು ಹಾಕಿಕೊಟ್ಟಿದ್ದರಂತೆ. “ಮನೇಲಿ ಗೊತ್ತಾಗಬಾರದು ಅಂದ್ರು ಸರ್. ನಾನೂ ಯಾಕೆ ಅಂತ ಕೇಳಲಿಲ್ಲ” ಎಂದರು. ಮುಕ್ಕಾಲು ಗಂಟೆಯಲ್ಲಿ ಪ್ರೋಗ್ರಾಂ ಮತ್ತೆ ಬಂತು. ಇಎಸ್‌ಆರ್ ಎಂದರೆ ‘ಈಸಿ ಸ್ಕ್ರೀನ್ ರೀಡರ್’, ಪರದೆಯನ್ನು ಓದಿ ಹೇಳುವುದು, ಎಂದು ಅಂಗಡಿಯಾಕೆ ತಿಳಿಸಿದರು. ಪರೀಕ್ಷೆಗೆಂದು ಅವರು ಅದರಿಂದ ಒಂದು ಪುಟ ಓದಿಸಿದರು. ಹೆಂಗಸಿನ ದನಿ, ಏರಿಳಿತವಿಲ್ಲ, ಉಸಿರಿಲ್ಲ. ಕಪ್ಪೆಯ ಜೀವನಚಕ್ರವನ್ನು ಪಂಚಾಂಗ ಓದಿದಂತೆ ಓದಿತು. ಸಹಿದಾರರು ಪೂರ್ತಿ ಪುಟವನ್ನು ನಿಂತುಕೊಂಡೇ ಕೇಳಿದರು.

ದಿನಾಂಕ 13ರಂದು ಕಣ್ಣಿನ ವೈದ್ಯರನ್ನು ಭೇಟಿ ಮಾಡಲಾಯಿತು. ಎಡಗಣ್ಣಿನಲ್ಲಿ ಹೋದದ್ದು ಬರುವುದಿಲ್ಲವೆಂದೂ, ಬಲಗಣ್ಣನ್ನು ತಿಂಗಳಿಗೊಂದು ಚುಚ್ಚುಮದ್ದಿನಿಂದ ಈಗಿರುವಲ್ಲಿಗೆ ನಿಲ್ಲಿಸಬಹುದೆಂದೂ, ಆರು ತಿಂಗಳು ಮುಂಚೆ ಬಂದಿದ್ದರೆ ಚೆನ್ನಾಗಿತ್ತೆಂದೂ, ಇನ್ನು ಆರು ತಿಂಗಳು ತಡೆದಿದ್ದರೆ ಹೇಳಲು ಏನೂ ಇರುತ್ತಿರಲಿಲ್ಲವೆಂದೂ ವೈದ್ಯರು ತಿಳಿಸಿದರು. ಮನೆಗೆ ಬರುವ ಬಸ್ಸಿನಲ್ಲಿ ಪತ್ನಿಯವರು ಕಿಟಕಿಯ ಪಕ್ಕ ಕುಳಿತು, ಬಲಗಣ್ಣನ್ನು ಕೈಯಿಂದ ಮುಚ್ಚಿ ತೆರೆದು, ಅಂಗಡಿಗಳ ಫಲಕಗಳನ್ನು ಓದಲು ನೋಡುತ್ತಿದ್ದರು. ಅವರು ಬಿಟ್ಟ ಫಲಕಗಳನ್ನು ಸಹಿದಾರರು ಮೆಲ್ಲಗೆ ಓದಿ ಹೇಳಿದರು.

ಮರುದಿನ ಪತ್ನಿಯವರು ಮುದ್ರಣಾಲಯಕ್ಕೆ ತಾವೇ ಫೋನು ಮಾಡಿದರು. ಸಹಿದಾರರು ತಾವು ಮಾತಾಡುವುದಾಗಿ ಮುಂದೆ ಬಂದಾಗ ಕೈಸನ್ನೆಯಿಂದಲೇ ಕೂರಿಸಲಾಯಿತು. “ನನ್ನ ಕಣ್ಣು ಹೋಗ್ತಾ ಇದೆ, ಕಿವಿ ಸರಿಯಾಗಿದೆ” ಎಂದು ಅವರು ಮೇಲ್ವಿಚಾರಕರಿಗೆ ಹೇಳಿದರು. “ಬೇರೆಯವರು ನೋಡಿ ಮುಗಿಸಿರೋ ಪುಸ್ತಕ ಒಂದು ಕಳಿಸಿ. ಏನೂ ಸಿಗಲಿಲ್ಲ ಅಂದ್ರೆ ನಾನೇ ಬಿಡ್ತೀನಿ.” ಮೇಲ್ವಿಚಾರಕರು ಅರವತ್ತು ಪುಟ ಕಳಿಸಿದರು. ಮೂರು ದಿನಗಳ ನಂತರ ಪತ್ನಿಯವರು ಅದರಲ್ಲಿ ಹದಿನೇಳು ತಪ್ಪುಗಳನ್ನು ತೋರಿಸಿ ಹಿಂದಿರುಗಿಸಿದರು. ಅದರಲ್ಲಿ ಒಂಬತ್ತು, ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾದವು; ಕಣ್ಣಿಂದ ಓದಿದವರ ಗಮನದಿಂದ ಜಾರಿಹೋಗುವಂಥವು, ಕೇಳಿದವರಿಗೆ ಮಾತ್ರ ಕಿವಿಗೆ ತಗುಲುವಂಥವು. ಅಂದು ಸಂಜೆಯೇ ವಿಜ್ಞಾನ ಪುಸ್ತಕದ ಉಳಿದ ಪುಟಗಳು ಪತ್ನಿಯವರ ಹೆಸರಿಗೇ ಬಂದವು.

ಮೇಲ್ಕಂಡ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಮನೆಯವರೆಲ್ಲರ ಪಾಲನೆಗಾಗಿ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಅಪರಿಚಿತ ಪ್ರೋಗ್ರಾಂ ಕಂಡುಬಂದಲ್ಲಿ ಅದನ್ನು ಕೂಡಲೇ ಕೊನೆಗೊಳಿಸತಕ್ಕದ್ದಲ್ಲ. ಬಾಗಿಲಿಗೆ ಬಂದ ಹೊಸಬರನ್ನು ವಿಚಾರಿಸುವಂತೆ ಮೊದಲು ಹೆಸರು, ತಯಾರಕರು, ವಾಸವಿರುವ ಫೋಲ್ಡರ್, ಬಂದ ದಿನಾಂಕ, ಕರೆತಂದವರು ಯಾರು ಎಂಬ ವಿವರಗಳನ್ನು ಪಡೆಯತಕ್ಕದ್ದು.

2. ಅಂತರ್ಜಾಲವನ್ನು ಕೇಳುವ ಮುನ್ನ ಮನೆಯವರನ್ನು ಕೇಳತಕ್ಕದ್ದು. ಕೇಳುವುದು ಎಂದರೆ ಉತ್ತರ ಬರುವ ತನಕ ಅಲ್ಲಿಯೇ ಇರುವುದು ಎಂದು ಅರ್ಥೈಸತಕ್ಕದ್ದು. ಇಲ್ಲದ ಹಾಲನ್ನು ನೋಡಲು ಎದ್ದುಹೋದವರು ಉತ್ತರ ಕೊಟ್ಟಿದ್ದಾರೆಂದೇ ಪರಿಗಣಿಸತಕ್ಕದ್ದು.

3. “ಇಲ್ಲಿ ಒತ್ತಿ” ಎಂದು ಬರೆದಿರುವ ಕಡೆ ಒತ್ತುವ ಅಧಿಕಾರವನ್ನು ಸಹಿದಾರರಿಂದ ಹಿಂಪಡೆದು ಮಗಳಿಗೆ ವಹಿಸಲಾಗಿದೆ.

4. ಅತ್ತೆಯವರ ಇಸ್ಪೀಟನ್ನು ಅತ್ಯಗತ್ಯ ಸೇವೆ ಎಂದು ಘೋಷಿಸಲಾಗಿದೆ. ಆಟ ನಡೆಯುತ್ತಿರುವಾಗ ಹಿಂದೆ ನಿಂತು “ಆ ರಾಣಿಯನ್ನು ಇಲ್ಲಿಡಬಹುದಿತ್ತು” ಎನ್ನುವುದು ಕರ್ತವ್ಯಕ್ಕೆ ಅಡ್ಡಿಪಡಿಸಿದಂತೆ. ಕ್ಯಾಮೆರಾದ ಪಟ್ಟಿಯನ್ನು ತೆಗೆಯಬಹುದಾಗಿದ್ದು, ತಲೆ ಬಾಚಿಕೊಳ್ಳುವುದು ಅವರವರ ವಿವೇಚನೆಗೆ ಬಿಟ್ಟದ್ದು.

5. ‘ಇಎಸ್‌ಆರ್ ಹೆಲ್ಪರ್’ನ ಸೇವೆಯನ್ನು ಹನ್ನೊಂದು ತಿಂಗಳ ಹಿಂದಿನ ದಿನಾಂಕದಿಂದ ಅನ್ವಯವಾಗುವಂತೆ ಖಾಯಂಗೊಳಿಸಲಾಗಿದೆ. ದಿನಾಂಕ 9ರ 11.20ರಿಂದ 10ರ 3.45ರವರೆಗಿನ ಗೈರುಹಾಜರಿಯನ್ನು ಅದರ ತಪ್ಪೆಂದು ಭಾವಿಸತಕ್ಕದ್ದಲ್ಲ.

6. ಇನ್ನು ಮುಂದೆ ಸದರಿ ಪ್ರೋಗ್ರಾಂ ಇಯರ್‌ಫೋನಿನ ಒಳಗೆ ಅವಿತುಕೊಂಡು ಓದಬೇಕಾಗಿಲ್ಲ. ನಡುಮನೆಯಲ್ಲಿ ಗಟ್ಟಿಯಾಗಿ ಓದಬಹುದು. ಇದರ ಪರಿಣಾಮವಾಗಿ ಮನೆಯವರೆಲ್ಲರೂ ಮೂರನೇ ತರಗತಿಯ ವಿಜ್ಞಾನದಲ್ಲಿ ತೇರ್ಗಡೆಯಾಗುವ ಹಂತದಲ್ಲಿದ್ದಾರೆ. “ಆ ಹುಡುಗಿ ಒಂದು ಗುಟುಕು ನೀರೂ ಕುಡಿಯದೆ ಓದ್ತಾಳಲ್ಲ” ಎಂಬ ಅತ್ತೆಯವರ ಆಕ್ಷೇಪಣೆಯನ್ನು ಸ್ವೀಕರಿಸಿ, ಗಂಟೆಗೊಮ್ಮೆ ಐದು ನಿಮಿಷಗಳ ವಿರಾಮವನ್ನು ಮಂಜೂರು ಮಾಡಲಾಗಿದೆ. ಆ ವಿರಾಮದಲ್ಲಿ ನೀರನ್ನು ಪತ್ನಿಯವರು ಕುಡಿಯತಕ್ಕದ್ದು.

7. ಪ್ರೋಗ್ರಾಂ ‘ಶ’ ಮತ್ತು ‘ಷ’ ಎರಡನ್ನೂ ಒಂದೇ ರೀತಿ ಉಚ್ಚರಿಸುತ್ತಿರುವುದು ಕಂಡುಬಂದಿದೆ. ಈ ಕೊರತೆಯನ್ನು ನೀಗಿಸಲು ‘ಅಕ್ಷರ ಸಹಾಯಕ’ ಎಂಬ ಒಂದು ಹುದ್ದೆಯನ್ನು ಸೃಜಿಸಿ, ಏಕೈಕ ಅರ್ಜಿದಾರರಾದ ಸಹಿದಾರರನ್ನು ನೇಮಿಸಲಾಗಿದೆ. ಪರದೆಯ ಮೇಲೆ ಹೊಟ್ಟೆ ಸೀಳಿದ ಷಕಾರ ಇದೆಯೋ ಇಲ್ಲವೋ ಎಂಬುದನ್ನು ನೋಡಿ ಹೇಳುವುದಷ್ಟೇ ಇವರ ಕರ್ತವ್ಯ. ವೇತನವಿಲ್ಲ. ಪತ್ನಿಯವರ ಅಧೀನದಲ್ಲಿ ಕೆಲಸ ಮಾಡತಕ್ಕದ್ದು. ಕೇಳಿದ್ದಕ್ಕೆ ಮಾತ್ರ ಉತ್ತರಿಸತಕ್ಕದ್ದು. ವಾಕ್ಯರಚನೆಯ ಬಗ್ಗೆ ಅಭಿಪ್ರಾಯ ನೀಡತಕ್ಕದ್ದಲ್ಲ.

8. ಪ್ರತಿ ತಿಂಗಳ ಕಣ್ಣಿನ ಚುಚ್ಚುಮದ್ದಿಗೆ ಸಹಿದಾರರು ಜೊತೆಗೆ ಹೋಗತಕ್ಕದ್ದು. ವೈದ್ಯರಿಗೆ ಪ್ರಶ್ನೆಗಳನ್ನು ಅ, ಆ, ಇ ಎಂದು ಉಪಕಂಡಿಕೆ ಮಾಡಿ ಕೇಳತಕ್ಕದ್ದಲ್ಲ. ಕಳೆದ ವಾರದ ಮೊದಲ ಚುಚ್ಚುಮದ್ದಿನಂದು ಆದಂತೆ ಸೂಜಿಯನ್ನು ನೋಡಿ ಸಹಿದಾರರೇ ಬೆಂಚಿನ ಮೇಲೆ ಮಲಗತಕ್ಕದ್ದಲ್ಲ.

9. ಗಣಕಯಂತ್ರಕ್ಕೆ ಅನ್ವಯವಾಗುವ ಈ ನಿಯಮಗಳು ಮನೆಯ ಮನುಷ್ಯರಿಗೂ ಅನ್ವಯಿಸುತ್ತವೆ. ಯಾರ ಒಳಗಾದರೂ ಇತರರಿಗೆ ತಿಳಿಯದಂತೆ ಏನಾದರೂ ಓಡುತ್ತಿದ್ದಲ್ಲಿ, ಅದು ನೋವಿರಲಿ, ಮಸುಕಿರಲಿ, ಹೆದರಿಕೆಯಿರಲಿ, ಇಪ್ಪತ್ತನಾಲ್ಕು ಗಂಟೆಯೊಳಗೆ ತಿಳಿಸತಕ್ಕದ್ದು. ಇದಕ್ಕೆ ಯಾವುದೇ ನಮೂನೆ ಇರುವುದಿಲ್ಲ. ಮೂರು ಪ್ರತಿ ಬೇಕಾಗಿಲ್ಲ. ಬಾಯಲ್ಲಿ ಹೇಳಿದರೆ ಸಾಕು. ಸ್ವೀಕೃತಿ ಕೊಡಲಾಗುವುದಿಲ್ಲ, ಸುತ್ತೋಲೆ ಹೊರಡಿಸಲಾಗುವುದಿಲ್ಲ.

10. ಕಂಡಿಕೆ 9ರ ಪಾಲನೆಯಲ್ಲಿ ಸಹಿದಾರರು ಈ ಮೂಲಕ ಘೋಷಿಸುವುದೇನೆಂದರೆ: (ಅ) ಬಲ ಮೊಣಕಾಲು ಮೆಟ್ಟಿಲು ಇಳಿಯುವಾಗ ಹಿಡಿದುಕೊಳ್ಳುತ್ತದೆ. (ಆ) ನಿವೃತ್ತಿಯಾದಾಗಿನಿಂದ ಬೆಳಿಗ್ಗೆ ಹತ್ತು ಗಂಟೆಯಾದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಈವರೆಗೆ ನಲವತ್ತಾರು ಸುತ್ತೋಲೆಗಳನ್ನು ಹೊರಡಿಸಲಾಗಿದೆ. (ಇ) ದಿನಾಂಕ 10ರಂದು ಅಡುಗೆಮನೆಯಲ್ಲಿ ತುಂಬಾ ಹೆದರಿಕೆಯಾಯಿತು.

11. ಈ ಸುತ್ತೋಲೆಯು ತಕ್ಷಣದಿಂದ ಜಾರಿಗೆ ಬರುತ್ತದೆ. ಬಚ್ಚಲುಮನೆಯ ದೀಪದ ಬಗ್ಗೆ ಇನ್ನು ಒತ್ತಾಯವಿಲ್ಲ.

(ಸಹಿ)
ಅಕ್ಷರ ಸಹಾಯಕ
ಗೃಹ ಆಡಳಿತ ಇಲಾಖೆ
(ಹಿಂದಿನ ಪದನಾಮ: ಅಧೀಕ್ಷಕರು, ನಿವೃತ್ತ)

ಪ್ರತಿಗಳು:

1. ಮಗಳಿಗೆ, ಮಾಹಿತಿಗಾಗಿ. ಹೇಳಿದ ಮಾತು ಕೇಳದೇ ಹೋದದ್ದಕ್ಕೆ ವಿಷಾದದೊಂದಿಗೆ.

2. ಅತ್ತೆಯವರಿಗೆ, ಇಸ್ಪೀಟು ಮುಗಿದ ನಂತರ ಓದಲು.

3. ರಿಪೇರಿ ಅಂಗಡಿಯಾಕೆಗೆ. ಗುಟ್ಟು ಕಾಪಾಡಿದ್ದಕ್ಕೆ ಒಂದು ಪ್ರತಿ, ಕೊನೆಗೆ ಹೇಳಿದ್ದಕ್ಕೆ ಇನ್ನೊಂದು.

4. ಕಛೇರಿ ಪ್ರತಿ.

5. ಪತ್ನಿಯವರಿಗೆ ಪ್ರತಿ ಕಳಿಸಿಲ್ಲ. ಸಹಿದಾರರು ಖುದ್ದಾಗಿ, ಪಕ್ಕದಲ್ಲಿ ಕುಳಿತು, ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿರುತ್ತಾರೆ. ಕಂಡಿಕೆ 10(ಇ) ಅನ್ನು ಎರಡನೆಯ ಸಲ ಓದುವಂತೆ ಕೇಳಲಾಗಿ, ಓದಲಾಯಿತು. ತದನಂತರ ಪತ್ನಿಯವರು ಐದು ತಪ್ಪುಗಳನ್ನು ತೋರಿಸಿದ್ದು, ನಾಲ್ಕನ್ನು ತಿದ್ದಲಾಗಿದೆ. ಐದನೆಯದು ‘ಕಛೇರಿ’ ಎಂಬುದರಲ್ಲಿನ ಮಹಾಪ್ರಾಣ. ಅದು ‘ಕಚೇರಿ’ ಎಂದಿರಬೇಕೆಂದು ಅವರು, ಮೂವತ್ತನಾಲ್ಕು ವರ್ಷ ಹೀಗೆಯೇ ಬರೆದಿದ್ದೇವೆಂದು ಇವರು. ಚರ್ಚೆಯು ಮುಂದುವರಿದಿದೆ.